ಟವೆಲಿನ ಕೆಳಗಿನ ಮಾತು

ನಮ್ಮ ಮನೆಯಿಂದ ಒಬ್ಬರು ಡಿಗ್ರಿ ಮುಗಿಸುವುದು ಆಗದ ಹೋಗದ ಮಾತು ಎಂದವರು ನನ್ನ ದೊಡ್ಡಪ್ಪ. ಹೋಳೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ, ರೇಷ್ಮೆಹುಳು ಸಾಕುವ ಕೋಣೆಯ ಬಾಗಿಲಲ್ಲಿ ಕೂತು ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಾ ಹೇಳಿದರು. ಕೋಪವೇನೂ ಇರಲಿಲ್ಲ. ಈ ಸಲ ಮಳೆ ತಡ ಎನ್ನುವ ಹಾಗೆ ಹೇಳಿದರು.

"ಬೆದ್ಲು ಹೊಲದಾಗೆ ಭತ್ತ ಬೆಳೀತದೇನಮ್ಮಾ? ಇದೂ ಹಂಗೇ. ನಮ್ ವಂಶದಾಗೆ ಎಲ್ಲಾ ಹೆಬ್ಬೆಟ್ಟು ಒತ್ತಿದೋರು. ನೀನು ಪಿಯುಸಿ ಮುಟ್ಟಿದ್ದೇ ಹೆಚ್ಚು. ಡಿಗ್ರಿ ನಮಗೆ ಹತ್ತಲ್ಲ ಬಿಡು."

"ನೀರು ಹಾಯ್ಸಿದ್ರೆ ಬೆಳೀತದೆ ದೊಡ್ಡಪ್ಪ," ಅಂದೆ.

"ನೀರು ಎಲ್ಲಿಂದ ತರ್ತೀಯಾ? ನಿನ್ ಬಾಯಿಂದಲಾ?"

ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ.

ಮುಂದೆ ನಾನು ಡಿಗ್ರಿಯ ಮೇಲೆ ಕಾನೂನನ್ನೂ ಓದಿದೆ. ಟೆಲಿಫೋನು, ಆಮೇಲೆ ಕಂಪ್ಯೂಟರು, ಇವು ಜನರ ಬಗ್ಗೆ ಏನೇನು ತಿಳಿದುಕೊಳ್ಳಬಹುದು, ತಿಳಿದದ್ದನ್ನು ಯಾರಿಗೆ ಕೊಡಬಾರದು ಎಂದು ನಿಯಮ ಬರೆಯುವವರ ಎದುರು ಕೂತು ವಾದ ಮಾಡುವುದೇ ನನ್ನ ಕಸುಬಾಯಿತು. ಖಾಸಗಿತನ, ಮಾನವ ಹಕ್ಕು ಎಂಬ ದೊಡ್ಡ ಮಾತುಗಳನ್ನು ಅಲ್ಲಿ ಬಹಳ ಆಡಿದ್ದೇನೆ. ಆ ಕಸುಬನ್ನು ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ ಮುಳಬಾಗಿಲಿನಲ್ಲಿ ಅನ್ನುತ್ತೇನೆ. ತಮಾಷೆ ಎಂದುಕೊಳ್ಳುತ್ತಾರೆ.

ಅಪ್ಪ ಅಣ್ಣನ ಎದುರು ಮಾತಾಡುವವರಲ್ಲ. ಆದರೆ ಎಸ್ಸೆಸ್ಸೆಲ್ಸಿಯ ಅಂಕ ಚೆನ್ನಾಗಿದ್ದರೆ ಹೆಣ್ಣುಮಕ್ಕಳಿಗೂ ಟೆಲಿಫೋನ್ ಆಪರೇಟರ್ ಕೆಲಸ ಸಿಗುತ್ತದಂತೆ ಎಂದು ಕೋಲಾರದಲ್ಲಿ ಕೇಳಿಕೊಂಡು ಬಂದು ಅರ್ಜಿ ಹಾಕಿಸಿದವರು ಅವರೇ. ಕೆಲಸ ಸಿಕ್ಕಿತು. ಎಪ್ಪತ್ತರ ದಶಕದ ನಡುವಿನ ಮಾತು. ಟ್ರೈನಿಂಗ್ ಮುಗಿಸಿ ಮುಳಬಾಗಿಲಿಗೆ ಹಾಕಿದರು. ಅಲ್ಲಿ ನನ್ನ ಸೋದರತ್ತೆಯ ಮನೆ ಇತ್ತು. ಅದೇ ವರ್ಷ ಅಂಚೆ ತೆರಪಿನ ಶಿಕ್ಷಣಕ್ಕೂ ಹೆಸರು ಬರೆಸಿದೆ. ಪಾಠಗಳು ಅಚ್ಚಾಗಿ ಅಂಚೆಯಲ್ಲಿ ಬರುತ್ತಿದ್ದವು. ಓದಿಕೊಂಡು ವರ್ಷಕ್ಕೊಮ್ಮೆ ಕೋಲಾರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು.

ಇದೆಲ್ಲ ನಿಂತಿದ್ದದ್ದು ಅತ್ತೆಯ ಮನೆಯ ಮೇಲೆ. ಮದುವೆಯಾಗದ ಹುಡುಗಿಗೆ ಆಗ ಯಾರೂ ರೂಮು ಕೊಡುತ್ತಿರಲಿಲ್ಲ. ದುಡಿಯುವ ಹೆಂಗಸರಿಗೆ ಹಾಸ್ಟೆಲ್ ಎಂಬುದನ್ನು ನಾವು ಕೇಳಿಯೂ ಇರಲಿಲ್ಲ. ನಮ್ಮ ಹಳ್ಳಿಯಿಂದ ಬಸ್ಸು ಹಿಡಿದು ಬೆಳಗಿನ ಪಾಳಿಗೆ ಬಂದು ಮುಟ್ಟುವುದು ಸಾಧ್ಯವಿರಲಿಲ್ಲ. ಅತ್ತೆಯ ಮನೆ ತಪ್ಪಿದರೆ ಕೆಲಸ ತಪ್ಪುತ್ತದೆ, ಕೆಲಸ ತಪ್ಪಿದರೆ ಡಿಗ್ರಿಯೂ ತಪ್ಪುತ್ತದೆ. ಇದು ನನಗೂ ಗೊತ್ತಿತ್ತು, ಅತ್ತೆಯ ಗಂಡನಿಗೂ ಗೊತ್ತಿತ್ತು. ಅವರನ್ನು ನಾನು ಮಾವ ಎನ್ನುತ್ತಿದ್ದೆ.

ಎಕ್ಸ್‌ಚೇಂಜಿನ ಒಳಗೆ ಒಂದು ಮರದ ಬೋರ್ಡು. ಊರಿನ ಒಂದೊಂದು ಫೋನಿಗೂ ಅದರಲ್ಲಿ ಒಂದೊಂದು ತೂತು, ತೂತಿನ ಮೇಲೊಂದು ಪುಟ್ಟ ತಗಡಿನ ಮುಚ್ಚಳ. ಯಾರಾದರೂ ತಮ್ಮ ಮನೆಯಲ್ಲಿ ಫೋನಿನ ಹಿಡಿ ತಿರುಗಿಸಿದರೆ ಇಲ್ಲಿ ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ವಯರಿನ ತುದಿಯನ್ನು ಆ ತೂತಿಗೆ ಚುಚ್ಚಿ "ನಂಬರ್ ಪ್ಲೀಸ್" ಎನ್ನಬೇಕು. ನಂಬರ್ ಹೇಳುವ ಅಭ್ಯಾಸ ಊರಿಗೇ ಇರಲಿಲ್ಲ. "ಅಕ್ಕಿ ಮಿಲ್ಲಿಗೆ ಕೊಡಮ್ಮ. ಅಲ್ಲಿಲ್ಲಾಂದ್ರೆ ಅವನು ಅತ್ತೆ ಮನೇಲಿರ್ತಾನೆ, ಅಲ್ಲಿಗೆ ಹಾಕು. ಅಲ್ಲೂ ಇಲ್ಲಾಂದ್ರೆ ನಂಗೆ ಹೇಳು, ಎಲ್ಲಿ ಹೋದ ಅಂತ." ಇಂಥ ಮಾತಿಗೆಲ್ಲ ಹೂಂಗುಟ್ಟಿಕೊಂಡು ಬೆಳಗು ಕಳೆಯುತ್ತಿತ್ತು. ಕಿವಿಗೆ ಕಟ್ಟಿಕೊಂಡ ಆ ಯಂತ್ರದ ಭಾರ, ಬಿಸಿಲೇರಿದ ಹಾಗೆ ಬೋರ್ಡಿನ ಮರದಿಂದ ಏಳುತ್ತಿದ್ದ ವಾರ್ನಿಷಿನ ವಾಸನೆ, ಇವತ್ತೂ ಕಣ್ಣು ಮುಚ್ಚಿದರೆ ಬರುತ್ತವೆ.

ಬೇರೆ ಊರಿಗೆ ಹೋಗುವ ಟ್ರಂಕ್ ಕಾಲ್ ಆದರೆ ಮಾತು ಆ ಕಡೆಗೆ ದಾಟುತ್ತಿದೆಯೇ ಎಂದು ನಡುವೆ ಕಿವಿ ಕೊಡಲೇಬೇಕು. ಮೂರು ನಿಮಿಷವಾದರೆ ಒಳಗೆ ಹೊಕ್ಕು ಮುಂದುವರಿಸಲೇ ಎಂದು ಕೇಳಲೇಬೇಕು. ಹಾಗಾಗಿ ಊರಿನ ಸಂಸಾರವೆಲ್ಲ ನಮ್ಮ ಕಿವಿಯ ಮೇಲೆ ಹಾದು ಹೋಗುತ್ತಿತ್ತು. ಮೊದಲ ದಿನವೇ ಮೇಲ್ವಿಚಾರಕರು ಎದುರು ನಿಲ್ಲಿಸಿಕೊಂಡು, ಕೇಳಿದ್ದನ್ನು ಹೊರಗೆ ಆಡುವುದಿಲ್ಲ ಎಂದು ಪ್ರಮಾಣ ಮಾಡಿಸಿದ್ದರು. ಆಂಧ್ರದ ಗಡಿಯ ಆಚೆಯವರು, ನಿವೃತ್ತಿಗೆ ಹತ್ತಿರವಿದ್ದವರು. ಪ್ರಮಾಣ ಮುಗಿದ ಮೇಲೆ ತಮ್ಮ ತೆಲುಗಿನಲ್ಲಿ ಒಂದು ಮಾತು ಸೇರಿಸಿದರು: "ವಿನಾಲ, ಮರ್ಚಿಪೋವಾಲ." ಕೇಳಬೇಕು, ಮರೆಯಬೇಕು. ಮರೆಯುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ನಾನು ಬಾಯಿ ಮುಚ್ಚಿಕೊಳ್ಳುವುದನ್ನಷ್ಟೇ ಕಲಿತೆ.

ನಮ್ಮ ಜನಕ್ಕೆ ಗುಟ್ಟು ಮಾಡಬೇಕು ಎನಿಸಿದಾಗ ಒಂದು ಉಪಾಯ ಇತ್ತು. ಕನ್ನಡದಲ್ಲಿ ಮಾತಾಡುತ್ತಿದ್ದವರು ಗುಟ್ಟಿನ ಜಾಗ ಬಂದ ಕೂಡಲೇ ತೆಲುಗಿಗೆ ಹಾರುತ್ತಿದ್ದರು. ಗಡಿಯಂಚಿನ ನಂಗಲಿಯ ಕಡೆಯಿಂದ ತೆಲುಗಿನಲ್ಲಿ ಶುರು ಮಾಡಿದವರು ಗುಟ್ಟಿಗೆ ಕನ್ನಡ ಹಿಡಿಯುತ್ತಿದ್ದರು. ಹುಟ್ಟಿದ ಮಗುವಿಗೂ ಎರಡು ಭಾಷೆ ಬರುವ ಸೀಮೆಯಲ್ಲಿ ಇದು ಯಾರಿಂದ ಏನನ್ನು ಮುಚ್ಚಿದಂತೆ? ಆದರೂ ಎಲ್ಲರೂ ಮಾಡುತ್ತಿದ್ದರು, ಮಾಡಿ ನೆಮ್ಮದಿಯಾಗಿರುತ್ತಿದ್ದರು. ಒಬ್ಬ ಮುದುಕರಂತೂ ನೇರವಾಗಿ ನನಗೇ ಹೇಳುತ್ತಿದ್ದರು: "ಆಪರೇಟರಮ್ಮಾ, ಇಪ್ಪುಡು ವಿನೊದ್ದಮ್ಮಾ." ಈಗ ಕೇಳಬೇಡ ಎಂದು. ಗುಟ್ಟು ಮುಗಿದ ಮೇಲೆ, "ಹೂಂ, ಈಗ ಕೇಳ್ಬೋದು."

ಪೋಸ್ಟಾಫೀಸಿನ ಪಕ್ಕದ ಬೂತಿನಿಂದ ಫೋನು ಮಾಡುವವರಿಗೆ ಇನ್ನೊಂದು ರೂಢಿ. ಬಾಗಿಲು ತೆರೆದೇ ಇಟ್ಟುಕೊಂಡು, ಆ ಕಡೆಯವರು ಹೇಳಿದ್ದನ್ನು ಜೋರಾಗಿ ಮತ್ತೆ ಹೇಳಿ ಹೊರಗೆ ಸಾಲಿನಲ್ಲಿ ನಿಂತವರಿಗೂ ಮುಟ್ಟಿಸುವುದು. "ಏನಂದೆ? ಹೆಣ್ಣು ಮಗುವಾ? ಹೆಣ್ಣು ಮಗುವಂತೆ ಕಣ್ರಯ್ಯಾ!" ಸಾಲಿನವರು ಅಲ್ಲಿಂದಲೇ ಹೆಸರು ಸೂಚಿಸುತ್ತಿದ್ದರು. ಹೀಗೆ ಹಂಚಿಕೊಳ್ಳುವುದು ಮರ್ಯಾದೆ. ಬಾಗಿಲು ಹಾಕಿಕೊಂಡು ಮೆಲ್ಲಗೆ ಮಾತಾಡಿದರೆ ಏನೋ ಇದೆ ಎಂದೇ ಅರ್ಥ.

ಅತ್ತೆಯ ಮನೆಯ ಹೊರಗಿನ ರೂಮಿನಲ್ಲಿ ಬಾಡಿಗೆಗಿದ್ದ ಟೀಚರಮ್ಮ ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದರು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದು ಒಂದು ಟ್ರಂಕ್ ಕಾಲ್ ಬುಕ್ ಮಾಡುತ್ತಿದ್ದರು. ಹೆಚ್ಚಾಗಿ ಅದು ನನ್ನ ಪಾಳಿಯಲ್ಲಿ ಬರುತ್ತಿತ್ತು.

ಆಕೆ ಒಬ್ಬರೇ ಇದ್ದರು. ಮನೆಯವರು ಉತ್ತರದ ಕಡೆ ಕೆಲಸದಲ್ಲಿದ್ದಾರೆ ಎಂದಷ್ಟೇ ಎಲ್ಲರಿಗೂ ಹೇಳಿದ್ದು. ನನಗೆ ಇಂಗ್ಲಿಷ್ ಪೇಪರಿನ ಪಾಠ ಹೇಳಿಕೊಟ್ಟವರು ಅವರು. ಶಿವರಾತ್ರಿ ಕಳೆದ ಮೇಲೆ ಹುಣಸೆಹಣ್ಣಿನ ಕಾಲ. ಸಂಜೆ ಅತ್ತೆ, ಟೀಚರಮ್ಮ, ನಾನು ಹಜಾರದಲ್ಲಿ ಕೂತು ಹಣ್ಣಿನಿಂದ ಬೀಜ ಬಿಡಿಸುತ್ತಿದ್ದೆವು. ನನ್ನ ಪಾಠದ ಪುಸ್ತಕ ಮಣೆಯ ಮೇಲೆ ತೆರೆದಿರುತ್ತಿತ್ತು. ಬೆರಳು ಅಂಟಾಗಿರುವುದರಿಂದ ಹಾಳೆ ತಿರುಗಿಸುವ ಕೆಲಸ ಅತ್ತೆಯ ಸಣ್ಣ ಮಗಳದು. ಅವಳಿಗೆ ಬೇಸರ ಬಂದಾಗ ಎರಡು ಹಾಳೆ ಒಟ್ಟಿಗೆ ತಿರುಗಿಸಿಬಿಡುತ್ತಿದ್ದಳು. ಆ ವರ್ಷದ ಇಂಗ್ಲಿಷ್ ಪಾಠಗಳಿಗೆಲ್ಲ ನನ್ನ ನಾಲಿಗೆಯಲ್ಲಿ ಇವತ್ತಿಗೂ ಹುಳಿ ಇದೆ.

ಟೀಚರಮ್ಮ ಫೋನಿನಲ್ಲಿ ಯಾರ ಹತ್ತಿರ, ಏನು ಮಾತಾಡುತ್ತಿದ್ದರು ಎಂಬುದನ್ನು ಇಲ್ಲಿಯೂ ಬರೆಯುವುದಿಲ್ಲ. ಓದುವವರಿಗೆ ನಿರಾಸೆಯಾಗಬಹುದು, ಆಗಲಿ. ಇಷ್ಟು ಹೇಳಬಲ್ಲೆ: ಅದು ಹೊರಬಿದ್ದಿದ್ದರೆ ಆಕೆಗೆ ಆ ಊರಲ್ಲಿ ಮನೆ ಇರುತ್ತಿರಲಿಲ್ಲ. ಹೊರಬೀಳದೆ ಉಳಿದದ್ದರಿಂದ ಇನ್ನಾರಿಗೂ ಕೇಡಾಗಲಿಲ್ಲ. ಕೇಡಾಗುವಂಥದ್ದಾಗಿದ್ದರೆ ಏನು ಮಾಡುತ್ತಿದ್ದೆ ಎಂಬ ಪ್ರಶ್ನೆಯನ್ನು ಮುಂದೆ ದೊಡ್ಡ ದೊಡ್ಡ ಮೇಜುಗಳ ಸುತ್ತ ವರ್ಷಗಟ್ಟಲೆ ಚರ್ಚಿಸಿದ್ದೇನೆ. ಸುಲಭದ ಉತ್ತರ ನನಗೂ ಸಿಕ್ಕಿಲ್ಲ.

ಮಾವ ಹುಣಸೆಹಣ್ಣಿನ ಮಂಡಿಯಲ್ಲಿ ದಲ್ಲಾಳಿ. ಆ ವ್ಯಾಪಾರ ನೋಡಿದವರಿಗೆ ಗೊತ್ತು. ಶ್ರೀನಿವಾಸಪುರದ ಕಡೆಯ ರೈತರು ಗಾಡಿಯಲ್ಲಿ ಹಣ್ಣು ತರುತ್ತಾರೆ, ಗಡಿಯಾಚೆಯ ವ್ಯಾಪಾರಿಗಳು ಕೊಳ್ಳಲು ಬರುತ್ತಾರೆ. ಬೆಲೆಯನ್ನು ಬಾಯಲ್ಲಿ ಯಾರೂ ಹೇಳುವುದಿಲ್ಲ. ಕೈಗಳ ಮೇಲೆ ಒಂದು ಟವೆಲು ಹೊದಿಸಿ, ಅದರ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಬೆಲೆ ತಿಳಿಸುತ್ತಾರೆ. ಮಾವ ಮೊದಲು ವ್ಯಾಪಾರಿಯ ಕೈ ಹಿಡಿಯುತ್ತಿದ್ದರು, ಆಮೇಲೆ ರೈತನ ಕೈ, ಮತ್ತೆ ವ್ಯಾಪಾರಿಯ ಕೈ. ಸುತ್ತ ನಿಂತವರಿಗೆ ಕಾಣುವುದು ಟವೆಲಿನ ಅಲುಗಾಟ ಮಾತ್ರ. ಇಬ್ಬರ ಮನಸ್ಸಿನ ಬೆಲೆಯೂ ಗೊತ್ತಿರುವವರು ದಲ್ಲಾಳಿ ಒಬ್ಬರೇ. ಒಬ್ಬನದ್ದು ಇನ್ನೊಬ್ಬನಿಗೆ ಹೇಳದೆ ಸರಿ ಹೊಂದಿಸುವುದೇ ಅವರ ಕಸುಬು.

ಕೊನೆಯ ವರ್ಷದ ಪರೀಕ್ಷೆ ಹತ್ತಿರ ಬಂದಿದ್ದಾಗ ಒಂದು ದಿನ ಊಟಕ್ಕೆ ಕೂತ ಮಾವ ಮುದ್ದೆ ಮುರಿಯುತ್ತಾ ಕೇಳಿದರು.

"ಆ ಟೀಚರಮ್ಮ ಶನಿವಾರ ಶನಿವಾರ ಯಾರಿಗಮ್ಮಾ ಫೋನ್ ಮಾಡೋದು?"

"ಗೊತ್ತಿಲ್ಲ ಮಾವ."

"ಗೊತ್ತಿಲ್ಲ ಅಂದ್ರೆ? ಲೈನ್ ಹಾಕೋಳು ನೀನೇ ಅಲ್ವಾ? ಮಂಡೀಲಿ ಒಬ್ಬ, ಏನೋ ದೊಡ್ಡ ಕಾಯಿಲೆ ಆಸ್ಪತ್ರೆ ಅಂತಾನೆ. ಇನ್ನೊಬ್ಬ, ಗಂಡಸಿನ ವಿಷಯ ಅಂತಾನೆ. ಯಾವ್ದಾದ್ರೂ ನನ್ ಮನೆ ರೂಮು ಅದು. ಸಣ್ಣ ಮಕ್ಕಳಿರೋ ಮನೆ."

"ಕೇಳಿದ್ದನ್ನ ಹೇಳೋ ಹಂಗಿಲ್ಲ ಮಾವ. ಪ್ರಮಾಣ ಮಾಡಿದ್ದೀನಿ."

"ಗವರ್ಮೆಂಟು ಏನು ನಮ್ ಅಡಿಗೆಮನೇಲಿ ಕೂತಿದೆಯಾ? ಮನೆ ಮಾತು ಮನೇಲಿರ್ತದೆ, ಹೇಳು."

ನಾನು ಅವರ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದೆ. ಮಾವ ಕೆಟ್ಟವರಲ್ಲ. ನನ್ನ ಪಾಳಿಗೆ ತಡವಾದೀತೆಂದು ಮಳೆಯಲ್ಲಿ ಸೈಕಲ್ ಮೇಲೆ ಬಿಟ್ಟು ಬಂದವರು. ಆದರೆ ಅವರ ಮನೆಯ ಅನ್ನ ತಿನ್ನುವ ಹುಡುಗಿ ಅವರು ಕೇಳಿದ್ದಕ್ಕೆ ಇಲ್ಲ ಎಂದದ್ದನ್ನು ಅವರಿಗೆ ನುಂಗಲಾಗಲಿಲ್ಲ. ಆ ವಾರವೆಲ್ಲ ಕೇಳಿದರು. ಕೊನೆಗೆ, "ಹೇಳೋದಾದ್ರೆ ಈ ಮನೇಲಿರು. ಇಲ್ಲಾಂದ್ರೆ ನಿಮ್ಮಪ್ಪನ್ನ ಬರಹೇಳ್ತೀನಿ, ಕರ್ಕೊಂಡ್ ಹೋಗ್ಲಿ," ಎಂದರು. ಅತ್ತೆ ನನ್ನನ್ನು ಹಿತ್ತಲಿಗೆ ಕರೆದು, "ಏನಾದ್ರೂ ಒಂದು ಹೇಳ್ಬಿಡೇ. ಅವರಣ್ಣನಿಗೆ ಮಾಡ್ತಾಳೆ ಅಂದ್ಬಿಡು, ಮುಗೀತು," ಎಂದರು. ಸುಳ್ಳು ಹೇಳಬಹುದಿತ್ತು. ಒಂದು ಹೇಳಿದರೆ ಅದಕ್ಕೆ ಇನ್ನೊಂದು ಪ್ರಶ್ನೆ ಬರುತ್ತದೆ, ಅದಕ್ಕೂ ಹೇಳಬೇಕಾಗುತ್ತದೆ. ಬಾಗಿಲು ಒಂದು ಸಲ ತೆರೆದರೆ ಆಯಿತು.

ಟೀಚರಮ್ಮನಿಗೆ ಇದ್ಯಾವುದೂ ತಿಳಿಯದು. ಅಂದು ಸಂಜೆಯೂ ಬೀಜ ಬಿಡಿಸುತ್ತಾ, "ಈ ಪ್ರಶ್ನೆ ಬಂದೇ ಬರ್ತದೆ, ಬಾಯಿಪಾಠ ಮಾಡ್ಕೋ," ಎನ್ನುತ್ತಿದ್ದರು.

ಅಪ್ಪ ಬಂದರು. ಬಸ್ಸಿಳಿದು ನೇರ ಎಕ್ಸ್‌ಚೇಂಜಿನ ಮೆಟ್ಟಿಲ ಹತ್ತಿರ ಬಂದು, ಪಾಳಿ ಮುಗಿಯುವವರೆಗೆ ಬೇವಿನ ಮರದ ಕೆಳಗೆ ಕೂತಿದ್ದರು. ಮಂಡಿಯ ಕಡೆ ನಡೆಯುತ್ತಾ ಕೇಳಿದರು.

"ಅವ್ರು ಕೇಳಿದ್ದು ಹೇಳ್ಬಿಟ್ರೆ ಏನಮ್ಮಾ ಹೋಗ್ತದೆ?"

"ಆ ಯಮ್ಮನ ಮನೆ ಹೋಗ್ತದೆ ಅಪ್ಪ."

"ಹೇಳ್ದಿದ್ರೆ ನಿನ್ ಓದು ಹೋಗ್ತದಲ್ಲ."

ಅಪ್ಪ ನನ್ನ ಬಟ್ಟೆಬರೆಯ ಟ್ರಂಕು ಹೊರಲು ಹಗ್ಗ ತಂದಿದ್ದರು. ಅದನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಾಯಿಸುತ್ತಾ ನಡೆದರು.

ಮಂಡಿಯಲ್ಲಿ ವ್ಯಾಪಾರ ಜೋರಾಗಿತ್ತು. ಮಾವ ಮೂಟೆಗಳ ನಡುವೆ ನಿಂತು ಗಡಿಯಾಚೆಯ ಪುಂಗನೂರಿನ ವ್ಯಾಪಾರಿಯೊಬ್ಬನ ಕೈಯನ್ನು ಟವೆಲಿನ ಕೆಳಗೆ ಹಿಡಿದಿದ್ದರು. ನಮ್ಮನ್ನು ನೋಡಿ ಕಣ್ಣಲ್ಲೇ ಕೂತಿರಿ ಎಂದರು. ವ್ಯಾಪಾರಿ ತಲೆ ಅಲ್ಲಾಡಿಸಿದ. ಮಾವ ರೈತನ ಕೈ ಹಿಡಿದರು. ರೈತ ಆಕಾಶ ನೋಡಿದ. ಮತ್ತೆ ವ್ಯಾಪಾರಿಯ ಕೈ. ಕೊನೆಗೆ ಮಾವ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು, ವ್ಯಾಪಾರ ಕುದುರಿತ್ತು.

ಅಪ್ಪ ರಾಗಿ ಬೆಳೆಯುವವರು, ರೇಷ್ಮೆಗೂಡು ಮಾರುವವರು. ಹುಣಸೆಯ ವ್ಯಾಪಾರದ ರೀತಿ ಗೊತ್ತಿಲ್ಲ. ಮಾವನ ಕೋಪ ಸ್ವಲ್ಪ ಇಳಿಯಲಿ ಎಂದು ಯೋಗಕ್ಷೇಮದ ಮಾತಿನ ಹಾಗೆ ಕೇಳಿಬಿಟ್ಟರು.

"ಎಷ್ಟಕ್ಕೆ ಬಂತು ಭಾವ?"

ಮಾವ ಅಪ್ಪನನ್ನು ನೋಡಿದ ನೋಟ ನನಗೆ ನೆನಪಿದೆ.

"ಏನಯ್ಯಾ ನೀನು, ಬೆರಳಲ್ಲಿ ಆಡಿದ್ದನ್ನ ಬಾಯಲ್ಲಿ ಆಡ್ತಾರೇನಯ್ಯಾ? ನಂಬಿ ಕೈ ಕೊಟ್ಟವ್ರೆ ಅವ್ರು. ಕಟ್ಕೊಂಡ ಹೆಂಡ್ತಿ ಕೇಳಿದ್ರೂ ಹೇಳಲ್ಲ ನಾನು!"

ಅಪ್ಪ ತಪ್ಪಾಯಿತು ಎನ್ನುವ ಹಾಗೆ ತಲೆ ಬಗ್ಗಿಸಿದರು. ನನಗೆ ಆ ಧೈರ್ಯ ಎಲ್ಲಿಂದ ಬಂತೋ, ಯೋಚಿಸಿ ಆಡಿದ್ದಲ್ಲ.

"ನಂದೂ ಅದೇ ಮಾವ. ನಂಬಿ ಲೈನ್ ಕೇಳ್ತಾರೆ. ನನ್ ಕಿವಿ ಟವೆಲ್ ಕೆಳಗೇ ಇರೋದು."

ಮೂಟೆ ಹೊಲಿಯುತ್ತಿದ್ದವರೂ ಕೈ ನಿಲ್ಲಿಸಿದರು. ಮಾವನ ಮುಖ ಕೆಂಪಾಯಿತು. ಹೊಡೆದೇಬಿಡುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಪುಂಗನೂರಿನ ವ್ಯಾಪಾರಿ ಹೊಟ್ಟೆ ಕುಣಿಸಿ ನಗಲು ಶುರು ಮಾಡಿದ.

"ನಿಜಮೇ ಕದಾ ಸಾವುಕಾರೂ, ನಿಜ ತಾನೇ! ಇವಳೇನಾ ಆ ನಿಮ್ ಮನೆ ಹುಡುಗಿ? ಇವಳು ಬೋರ್ಡ್ ಮೇಲೆ ಕೂತವ್ಳೆ, ನಾವು ಊರಿಗೆ ಫೋನ್ ಮಾಡಿ ರೇಟು ಹೇಳಿದ್ರೆ ನಿಮ್ಗೆ ಬಂದು ಊದ್ತಾಳೆ ಅಂತ, ನಾವೆಲ್ಲ ನಂಗಲಿಗೆ ಹೋಗಿ ಫೋನ್ ಮಾಡಿ ಬರ್ತಿದ್ವಿ. ಬಸ್ ಚಾರ್ಜೇ ಎಷ್ಟಾಯ್ತೋ! ಇನ್ನು ಇಲ್ಲೇ ಮಾಡ್ಬೋದು."

ನಂಗಲಿಯ ಲೈನೂ ನಮ್ಮ ಬೋರ್ಡಿನ ಮೇಲೆಯೇ ಬರುತ್ತಿತ್ತು. ಅದನ್ನು ಅವನಿಗೆ ಹೇಳಲು ಹೋಗಲಿಲ್ಲ.

ಇನ್ನೊಬ್ಬ ವ್ಯಾಪಾರಿಯೂ ನಕ್ಕ. ಹಣ್ಣು ತಂದ ರೈತ, "ಹೇಳದೇ ಇರೋ ಬುದ್ಧಿ ನಿಮ್ ಮನೆತನದ್ದೇ ಅನ್ನಿ," ಎಂದ. ಮಾವ ಟವೆಲಿನಿಂದ ಮುಖ ಒರೆಸಿಕೊಂಡರು. ಒರೆಸಿಕೊಳ್ಳುತ್ತಲೇ ಬಹಳ ಹೊತ್ತು ಇದ್ದರು. ಆಮೇಲೆ ಅಪ್ಪನ ಹೆಗಲ ಮೇಲಿದ್ದ ಹಗ್ಗದ ಕಡೆ ಬೆರಳು ತೋರಿಸಿ ಕೇಳಿದರು.

"ಅದ್ಯಾಕಯ್ಯ ಹಗ್ಗ ತಂದಿದ್ದೀಯಾ? ಎಮ್ಮೆ ಕೊಳ್ಳಾಕ್ಕೆ ಬಂದ್ಯಾ? ನಡಿ, ಮನೆಗೋಗಿ ಉಣ್ಣು. ನಿಮ್ಮಕ್ಕ ಕಾಯ್ತಾ ಇರ್ತಾಳೆ."

ಅಷ್ಟೇ. ಕ್ಷಮೆ ಕೇಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲ, ಕೇಳಿಸಿಕೊಳ್ಳುವ ಪದ್ಧತಿಯೂ ಇರಲಿಲ್ಲ. ಅಪ್ಪ ಉಂಡು, ಅತ್ತೆ ಕಟ್ಟಿಕೊಟ್ಟ ಹುಣಸೆಹಣ್ಣಿನ ಗಂಟು ಹಿಡಿದು ಸಂಜೆಯ ಬಸ್ಸಿಗೆ ವಾಪಸಾದರು. ಟೀಚರಮ್ಮನ ಮಾತನ್ನು ಮಾವ ಮತ್ತೆ ಎತ್ತಲಿಲ್ಲ. ಮಂಡಿಯಲ್ಲಿ ಯಾರಾದರೂ ಎತ್ತಿದರೆ, "ಬಾಡಿಗೆ ಸರಿಯಾಗಿ ಕೊಡ್ತಾಳೆ, ಇನ್ನೇನ್ ಬೇಕು ನಿಂಗೆ?" ಎನ್ನುತ್ತಿದ್ದರಂತೆ. ಆಕೆ ಮಾಲೂರಿಗೆ ವರ್ಗವಾಗುವವರೆಗೆ ಅದೇ ರೂಮಿನಲ್ಲಿದ್ದರು. ಹೋಗುವ ದಿನ ನನ್ನ ತಲೆಗೆ ಮಲ್ಲಿಗೆ ಮುಡಿಸಿ, ಬಸ್ಸು ಹತ್ತಿದ ಮೇಲೆ ಕಿಟಕಿಯಿಂದ ಕೈ ಹಿಡಿದುಕೊಂಡರು. ಅವರಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಿಲ್ಲ.

ಪರೀಕ್ಷೆ ಬರೆದೆ. ಕೋಲಾರದಲ್ಲಿ ದೂರದ ಸಂಬಂಧಿಯೊಬ್ಬರ ಮನೆಯ ಪಡಸಾಲೆಯಲ್ಲಿ ಮಲಗಿ, ಬೆಳಗ್ಗೆ ಎದ್ದು ಹೋಗಿ ಬರೆದೆ. ನನ್ನ ಸುತ್ತ ಕೂತವರಲ್ಲಿ ಮೇಷ್ಟರುಗಳಿದ್ದರು, ಗುಮಾಸ್ತರಿದ್ದರು, ಮಗುವನ್ನು ಹೊರಗೆ ತಾಯಿಯ ಕೈಗೆ ಕೊಟ್ಟು ಬಂದ ಹೆಂಗಸೊಬ್ಬರಿದ್ದರು. ಯಾರ ಮನೆಯಲ್ಲೂ ಅವರ ಹಿಂದೆ ಡಿಗ್ರಿ ಮಾಡಿದವರು ಇದ್ದಂತೆ ಕಾಣಲಿಲ್ಲ. ಪೆನ್ನು ಹಿಡಿಯುವ ರೀತಿಯಲ್ಲೇ ತಿಳಿಯುತ್ತಿತ್ತು; ಗುದ್ದಲಿ ಹಿಡಿದ ಹಾಗೆ ಬಿಗಿಯಾಗಿ ಹಿಡಿದಿದ್ದರು.

ಪಾಸಾದದ್ದು ಪತ್ರಿಕೆಯಲ್ಲಿ ನಂಬರು ನೋಡಿ ತಿಳಿಯಿತು. ಆದರೂ ಸರ್ಟಿಫಿಕೇಟು ಕೈಗೆ ಬರುವವರೆಗೆ ನಾನು ಊರಿಗೆ ಹೋಗಿ ಪಾಸಾದೆ ಎಂದು ಹೇಳಲಿಲ್ಲ. ಅದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬರಬೇಕು. ವಿಳಾಸ ಮಾವನ ಮನೆಯದು.

ಬಂದ ದಿನ ನಾನು ಪಾಳಿಯಲ್ಲಿದ್ದೆ. ಆ ಕಾಲದಲ್ಲಿ ಮನೆಗೆ ಬಂದದ್ದನ್ನು ಮನೆಯ ಯಜಮಾನ ಸಹಿ ಹಾಕಿ ತೆಗೆದುಕೊಳ್ಳುವುದು, ಯಾರ ಹೆಸರಿದ್ದರೂ ಒಡೆದು ನೋಡುವುದು ಎಲ್ಲ ಕಡೆ ಇದ್ದದ್ದೇ. ನನ್ನ ಪಾಠದ ಪುಸ್ತಕಗಳನ್ನೂ ಮಾವ ಹಾಗೆಯೇ ಒಡೆದು ಮೇಜಿನ ಮೇಲೆ ಹಾಕಿರುತ್ತಿದ್ದರು. ಅಂದು ಪೋಸ್ಟ್‌ಮ್ಯಾನ್ ಮಂಡಿಗೆ ಹೋಗಿ ಲಕೋಟೆ ನೀಡಿದಾಗ ಮಾವ ಕೈ ಹಿಂದಕ್ಕೆ ಎಳೆದುಕೊಂಡರಂತೆ. "ಅವಳ ಹೆಸರಿಗೆ ಬಂದಿರೋದು. ಅವಳ ಕೈಗೇ ಕೊಡಪ್ಪ," ಎಂದು ವ್ಯಾಪಾರ ಬಿಟ್ಟು ಅವನ ಜೊತೆ ಎಕ್ಸ್‌ಚೇಂಜಿಗೆ ನಡೆದು ಬಂದರಂತೆ. ಇದನ್ನು ನನಗೆ ಹೇಳಿದವನು ಪೋಸ್ಟ್‌ಮ್ಯಾನ್.

ಹೊರಗಿನವರಿಗೆ ಒಳಗೆ ಪ್ರವೇಶವಿಲ್ಲ. ಮೇಲ್ವಿಚಾರಕರು ಬೋರ್ಡನ್ನು ತಾವು ನೋಡಿಕೊಳ್ಳುತ್ತೇನೆಂದು ನನ್ನನ್ನು ಎಬ್ಬಿಸಿದರು. ಹೊರಗೆ ಬಂದೆ. ಸಹಿ ಹಾಕಿದೆ. ಪೋಸ್ಟ್‌ಮ್ಯಾನ್ ಲಕೋಟೆಯನ್ನು ಎರಡು ಕೈಯಲ್ಲಿ ಕೊಟ್ಟ. ಬೇವಿನ ಮರದ ಕೆಳಗೆ ನಿಂತು ಒಡೆದೆ. ದಪ್ಪ ಕಾಗದ, ಮೇಲೆ ಮುದ್ರೆ, ನಡುವೆ ನನ್ನ ಹೆಸರು. ಓದಿದೆ, ಮತ್ತೆ ಓದಿದೆ. ಕಣ್ಣು ಮಂಜಾಗಿ ಅಕ್ಷರ ಕಾಣದೆ ಹೋಯಿತು.

ಮಾವ ಹತ್ತಿರ ಬಂದಿರಲಿಲ್ಲ. ಮೆಟ್ಟಿಲ ಆಚೆ ಚಪ್ಪಲಿ ಬಿಟ್ಟು ನಿಂತಿದ್ದರು, ಗುಡಿಯ ಹೊರಗೆ ನಿಂತವರ ಹಾಗೆ. ನಾನು ತಲೆ ಎತ್ತಿದ ಮೇಲೆ ಹುಣಸೆಯ ಅಂಟಿದ್ದ ಕೈಯನ್ನು ಪಂಚೆಗೆ ಒರೆಸಿಕೊಂಡು ಕೇಳಿದರು.

"ನೋಡ್ಬೋದೇನಮ್ಮಾ ನಾನು?"